ತಿರುಗಿ ನೋಡದ ಎಂಟು ಮಂದಿ

ನನಗೆ ಸಿಟ್ಟು ಬೇಗ ಬರುತ್ತದೆ. ದಾರಿಯಲ್ಲಿ ಇರುವೆ ಸಾಲು ಕಂಡರೆ ಸುತ್ತಿಕೊಂಡು ಹೋಗುವ ಜೈನರ ಮನೆಯಲ್ಲಿ ಇಂಥ ದೂರ್ವಾಸ ಹೇಗೆ ಹುಟ್ಟಿದ ಎಂದು ನಮ್ಮಮ್ಮ ವಸಂತಮ್ಮ ಬಸದಿಗೆ ಹೋದಾಗಲೆಲ್ಲ ಕೇಳಿಕೊಳ್ಳುತ್ತಿದ್ದಳು. ಆದರೆ ಮೂವತ್ತೆಂಟನೇ ಇಸವಿಯ ಆ ಬೇಸಿಗೆಯಲ್ಲಿ ನನ್ನ ಸಿಟ್ಟಿಗೆ ಕಾರಣವಿತ್ತು. ಕೇಳಿ, ಆಮೇಲೆ ನೀವೇ ಹೇಳಿ.

ಚನ್ನರಾಯಪಟ್ಟಣದ ಪೇಟೆ ಬೀದಿಯಲ್ಲಿ ನಮ್ಮದು ಪಾತ್ರೆ ಅಂಗಡಿ. ನನಗಾಗ ಇಪ್ಪತ್ತಾರು ವರ್ಷ. ಬೆಂಗಳೂರಿನ ಒಂದು ಸಂಘದವರು ನಮ್ಮ ಜಿಲ್ಲೆಗೆಂದು ಒಂದು ಗ್ಲೈಡರ್ ಕೊಟ್ಟಿದ್ದರು. ಇಂಜಿನ್ ಇಲ್ಲ, ಒಂದೇ ಸೀಟು. ಆ ಸೀಟಿಗೆ ಗೋಡೆಯೂ ಇಲ್ಲ, ಮಾಡೂ ಇಲ್ಲ. ಅಟ್ಟದ ಏಣಿಗೆ ರೆಕ್ಕೆ ಕಟ್ಟಿ, ಮುಂದೆ ಒಂದು ಮಣೆ ಹಾಕಿದಂತಿತ್ತು. ಮೊದಲು ಅದು ಹಾಸನಕ್ಕೆ ಹೋಯಿತು. ಹಾಸನದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಅಷ್ಟೇ. ಆಮೇಲೆ ಹೊಳೆನರಸೀಪುರಕ್ಕೆ ಹೋಯಿತು. ಅವರು ಎರಡನೇ ದಿನವೇ ರೆಕ್ಕೆಯನ್ನು ಮಾವಿನ ಮರಕ್ಕೆ ಬಡಿಸಿದರು. ಮೂರನೆಯವರು ನಾವು, ಚನ್ನರಾಯಪಟ್ಟಣದ ಸಂಘ. ನಾಲ್ಕು ತಿಂಗಳ ಗಡುವು. ಅಷ್ಟರಲ್ಲಿ ನಮ್ಮ ಸಂಘದ ಒಬ್ಬನಾದರೂ ಪರೀಕ್ಷಕರ ಎದುರು ಮೂವತ್ತು ಸೆಕೆಂಡು ನೆಟ್ಟಗೆ ಹಾರಿ, ಏನೂ ಮುರಿಯದೆ ಇಳಿಯಬೇಕು. ಇಳಿದರೆ ಗ್ಲೈಡರ್ ನಮ್ಮದು. ಇಲ್ಲವಾದರೆ ಅರಕಲಗೂಡಿಗೆ ಹೋಗುತ್ತದೆ. ಅರಕಲಗೂಡಿನವರು ಆಗಲೇ ಶೆಡ್ಡು ಕಟ್ಟಿ ಸುಣ್ಣ ಬಳಿಸಿದ್ದಾರೆ ಎಂಬ ಸುದ್ದಿ ಬಂದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ಯಾಕೆಂದರೆ ಅಷ್ಟು ಹೊತ್ತಿಗೆ ನಾನು ಅದಕ್ಕೆ ಮನಸ್ಸು ಕೊಟ್ಟುಬಿಟ್ಟಿದ್ದೆ. ಅಲ್ಲಿಯವರೆಗೆ ನನ್ನ ಬದುಕೆಂದರೆ ತಕ್ಕಡಿ, ಗಿರಾಕಿ, ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರ. ಒಂದು ದಿನ ಬೆಳಿಗ್ಗೆ ನೆಲದಿಂದ ಮೂರಾಳೆತ್ತರ ಎದ್ದೆ, ಹತ್ತು ಎಣಿಸುವಷ್ಟರಲ್ಲಿ ಇಳಿದೆ. ಅಷ್ಟೇ. ಅವತ್ತು ಇಡೀ ದಿನ ಅಂಗಡಿಯಲ್ಲಿ ಕೊಳಗ ಕೇಳಿದವರಿಗೆ ತಂಬಿಗೆ ಕೊಟ್ಟೆ.

ಅಮ್ಮ ಬಯ್ದಳು. "ಲೋ ಧನ್ಯಕುಮಾರ, ನಾವು ಇರುವೆ ತುಳಿಯದ ಜನ ಕಣೋ. ನೀನು ಅಷ್ಟು ಮೇಲಿಂದ ದೊಪ್ಪನೆ ಬಿದ್ದರೆ ಕೆಳಗಿನ ಇರುವೆಗಳ ಗತಿ ಏನು, ಯೋಚನೆ ಮಾಡಿದೀಯಾ?"

"ನನ್ನ ಗತಿ ಏನು ಅಂತ ಕೇಳಬಾರದೇನಮ್ಮ?"

"ನಿನಗೆ ಬುದ್ಧಿ ಇದೆ ಅಂತ ಅಂದುಕೊಂಡಿದೀನಿ. ಇರುವೆಗೇನಿದೆ, ಪಾಪ!"

ಕಲಿಸುವವರು ಈಶ್ವರಯ್ಯ, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಗ್ಲೈಡರ್ ವಿದ್ಯೆಯನ್ನು ಬೆಂಗಳೂರಿನಲ್ಲಿ ಕಲಿತು ಬಂದಿದ್ದರು. ಈಗ ಹೊಟ್ಟೆ ಬೆಳೆದು ಅವರ ತೂಕ ಆ ಯಂತ್ರಕ್ಕೆ ಮೀರಿತ್ತು. ಹಾಗಾಗಿ ತಾವು ಕೂರುವಂತಿರಲಿಲ್ಲ. ನೆಲದ ಮೇಲೆ ನಿಂತು ಕಿರುಚುವುದೊಂದೇ. ಸಂಘಕ್ಕೆ ಸೇರಿದ ಉಳಿದ ಮೂವರು ಆ ಕಿರುಚಾಟಕ್ಕೇ ಹೆದರಿ ಬಿಟ್ಟುಹೋಗಿದ್ದರು. ಉಳಿದವನು ನಾನೊಬ್ಬ. ನಾನೂ ತಿರುಗಿ ಕಿರುಚುತ್ತಿದ್ದೆ, ಹಾಗಾಗಿ ಉಳಿದೆ.

"ಒಂಟಿ ಸೀಟು ಕಣಯ್ಯ ಇದು," ಎಂದು ಅವರು ದಿನಾ ಹೇಳುತ್ತಿದ್ದರು. "ಮೇಲೋದ್ಮೇಲೆ ಪಕ್ಕದಾಗೆ ನಾನಿರಾಕಿಲ್ಲ, ನಿಮ್ಮಪ್ಪ ಇರಾಕಿಲ್ಲ. ಅದಕ್ಕೇ ಕೆಳಗಿರೋವಾಗ್ಲೇ ಎಲ್ಲಾನೂ ಮುಟ್ಟಿ ನೋಡು."

ಹಾಗಾಗಿ ದಿನದ ಮೊದಲ ಅರ್ಧ ಗಂಟೆ ಹಾರುವ ಮಾತೇ ಇಲ್ಲ, ಮುಟ್ಟುವುದು. ಒಂದೊಂದು ತಂತಿ, ಒಂದೊಂದು ಮೊಳೆ, ರೆಕ್ಕೆ ಸೇರುವ ಕಡೆಯ ಒಂದೊಂದು ಬೋಲ್ಟು. ನಾನು ಸೀಟಿನ ಮುಂದಿದ್ದ, ಗ್ಲೈಡರ್ ನಡೆಸುವ ಕೋಲನ್ನು ಎಡಕ್ಕೆ ವಾಲಿಸಿದರೆ ಎಡ ರೆಕ್ಕೆಯ ಪಟ್ಟಿ ಮೇಲೆದ್ದಿತೇ ಎಂದು ಅವರು ಹಿಂದೆ ನಿಂತು ಕೂಗಿ ಹೇಳಬೇಕು. ಗಿರಾಕಿಗೆ ಕೊಡುವ ಮೊದಲು ಬಿಂದಿಗೆಯ ಬೆಸುಗೆಯನ್ನು ಬೆರಳಾಡಿಸಿ ನೋಡುವುದು ನನ್ನ ಕಸುಬು, ಈ ಕೆಲಸ ನನಗೆ ಸುಲಭವಾಗಿ ಬಂತು. ಕಷ್ಟವಾದದ್ದು ಬೇರೆ.

ಊರಾಚೆ, ನುಗ್ಗೇಹಳ್ಳಿ ದಾರಿಯ ಪಕ್ಕ ಒಂದು ಬೋರೆ ಇದೆ. ಪಶ್ಚಿಮಕ್ಕೆ ಇಳಿಜಾರು, ಕೆಳಗೆ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ. ಬೋರೆಯ ನೆತ್ತಿಯಲ್ಲಿ ಗ್ಲೈಡರನ್ನು ಗಾಳಿಗೆ ಎದುರಾಗಿ ನಿಲ್ಲಿಸುವುದು. ಇಬ್ಬರು ಬಾಲ ಹಿಡಿಯುವುದು, ಒಬ್ಬ ರೆಕ್ಕೆಯ ತುದಿ ಹಿಡಿಯುವುದು. ಮೂತಿಯ ಕೊಕ್ಕೆಗೆ ಉದ್ದನೆಯ ರಬ್ಬರ್ ಹಗ್ಗದ ನಡುವಿನ ಬಳೆ ಸಿಕ್ಕಿಸಿ, ಎರಡು ಕಡೆ ನಾಲ್ಕು ನಾಲ್ಕು ಜನ ಹಿಡಿದು ಇಳಿಜಾರಿನಲ್ಲಿ ಎಳೆದುಕೊಂಡು ಓಡುವುದು. ಹಗ್ಗ ಬಿಗಿದಾಗ ಬಾಲ ಬಿಟ್ಟರೆ, ಕವಣೆಯ ಕಲ್ಲಿನ ಹಾಗೆ ಗ್ಲೈಡರ್ ಮುಂದಕ್ಕೆ ಚಿಮ್ಮುತ್ತದೆ, ಎಳೆಯುವವರ ತಲೆಯ ಮೇಲೆ ಹಾದುಹೋಗುತ್ತದೆ, ಬಳೆ ತಾನಾಗಿ ಕಳಚಿ ಬೀಳುತ್ತದೆ. ಒಂದೇ ಷರತ್ತು: ಬಳೆ ಬೀಳುವವರೆಗೆ ಎಳೆಯುವವರು ಓಡುತ್ತಲೇ ಇರಬೇಕು. ನಡುವೆ ನಿಂತರೆ ಹಗ್ಗ ಸಡಿಲ, ಗ್ಲೈಡರಿಗೆ ವೇಗವಿಲ್ಲ, ಅಲ್ಲೇ ದೊಪ್ಪ.

ಎಳೆಯಲು ಬಂದವರು ಗರಡಿಮನೆಯ ಎಂಟು ಪೈಲ್ವಾನರು. ಒಬ್ಬೊಬ್ಬನ ತೋಳು ನನ್ನ ತೊಡೆಯಷ್ಟು ದಪ್ಪ. ಅವರ ಮುಂದಾಳು ದೇವರಾಜು, ಹಾಸನದ ಕುಸ್ತಿಯಲ್ಲಿ ಬೆಳ್ಳಿ ಕಡಗ ಗೆದ್ದವನು. ಶಕ್ತಿಗೇನೂ ಕಡಿಮೆ ಇರಲಿಲ್ಲ. ಆದರೆ ಬಾಲ ಬಿಟ್ಟ ಕೂಡಲೇ ಎಂಟೂ ಜನ ನಿಂತು ಹಿಂದಕ್ಕೆ ತಿರುಗಿ ನೋಡುತ್ತಿದ್ದರು!

ನೋಡದೆ ಇರುವುದಾದರೂ ಹೇಗೆ? ಹಿಂದಿನಿಂದ ಮನುಷ್ಯನನ್ನು ಹೊತ್ತ ರೆಕ್ಕೆ ಭುಸ್ ಎಂದು ಬರುತ್ತಿದೆ. ಹುಟ್ಟಿದಾಗಿನಿಂದ ಕಾಣದ ಸೋಜಿಗ. ಅವರು ತಿರುಗುತ್ತಿದ್ದರು, ಹಗ್ಗ ಸಡಿಲವಾಗುತ್ತಿತ್ತು, ನಾನು ಎರಡಾಳೆತ್ತರದಿಂದ ಸೊಂಟ ಮುರಿಯುವ ಹಾಗೆ ನೆಲಕ್ಕೆ ಕೂರುತ್ತಿದ್ದೆ. ಹತ್ತು ಸೆಕೆಂಡು, ಹನ್ನೊಂದು, ಒಂಬತ್ತು. ಒಂದು ಸಲ, ಗಾಲಿಯ ಬದಲು ಕೆಳಗಿದ್ದ ಜಾರುಹಲಗೆಯೇ ಸೀಳಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಪೇಟೆಯವರು ನನ್ನನ್ನೇ ಆಡಿಕೊಂಡರು.

"ತಿರುಗಿ ನೋಡ್ಬ್ಯಾಡ್ರಲಾ!" ಎಂದು ಈಶ್ವರಯ್ಯ ಗಂಟಲು ಹರಿದುಕೊಂಡರು. ಗರಡಿಯ ಆಂಜನೇಯನ ಮೇಲೆ ಆಣೆ ಹಾಕಿಸಿದರು. ಆಣೆ ಹಾಕಿದವರೇ ಮೊದಲು ತಿರುಗಿದರು. ಕಣ್ಣಿಗೆ ಬಟ್ಟೆ ಕಟ್ಟಿದರು; ದೇವರಾಜು ಕಳ್ಳಿ ಬೇಲಿಯೊಳಕ್ಕೆ ಓಡಿಹೋಗಿ, ಎರಡು ದಿನ ಮುಳ್ಳು ಕೀಳಿಸಿಕೊಂಡ.

"ಏನ್ ಮಾಡಾದು ಮೇಷ್ಟ್ರೇ," ಎಂದ ಅವನು, ಪಾಪ, ನಿಜವಾದ ಸಂಕಟದಿಂದ. "ಕತ್ತು ನನ್ ಮಾತ್ ಕೇಳಾಕಿಲ್ಲ ಕಣ್ರೀ."

ಗಡುವಿಗೆ ಹನ್ನೆರಡು ದಿನ ಉಳಿದಿತ್ತು. ಅವತ್ತು ನಾನು ಬಿದ್ದ ರಭಸಕ್ಕೆ ಮೂಗಿನಲ್ಲಿ ರಕ್ತ ಬಂತು. ಗರಡಿಯವರು ಹೋ ಎಂದು ಓಡಿ ಬಂದರು, ಹೊಲದಲ್ಲಿದ್ದವರು ಬಂದರು, ದಾರಿಯಲ್ಲಿದ್ದ ಗಾಡಿಯವನು ಎತ್ತು ಬಿಟ್ಟು ಬಂದ. ಬೋರೆಯ ಅಂಚಿನಲ್ಲಿ ದೂರದ ಬಾವಿಯಿಂದ ನೀರು ಹೊತ್ತ ಹೆಂಗಸರ ಸಾಲೊಂದು ಹೋಗುತ್ತಿತ್ತು. ತಲೆಯ ಮೇಲೆ ಎರಡೆರಡು ಬಿಂದಿಗೆ. ಸಾಲು ನಿಲ್ಲಲಿಲ್ಲ. ಮುಂದಿದ್ದ ದೊಡ್ಡತಾಯಮ್ಮ ಕತ್ತನ್ನು ಕೂದಲೆಳೆಯಷ್ಟೂ ತಿರುಗಿಸದೆ, ಎದುರಿಗೇ ನೋಡುತ್ತಾ ಕೇಳಿದಳು:

"ಏನ್ ಶೆಟ್ರೇ, ಇವತ್ತೂ ಬಿದ್ರಾ?"

ನಾನು ಮೂಗು ಒರೆಸಿಕೊಳ್ಳುವುದನ್ನು ಬಿಟ್ಟು ಆ ಸಾಲನ್ನೇ ನೋಡಿದೆ. ಹತ್ತು ವರ್ಷ ಇದೇ ಹೆಂಗಸರಿಗೆ ಬಿಂದಿಗೆ ಮಾರಿದ್ದೇನೆ. ನೀರು ತುಂಬಿದ ಬಿಂದಿಗೆ ತಲೆ ಮೇಲಿದ್ದಾಗ ಮಗು ಕೂಗಿದರೂ ಅವರು ತಿರುಗುವುದಿಲ್ಲ, ಮೈಯನ್ನೇ ಪೂರಾ ಸುತ್ತುತ್ತಾರೆ. ಅಯ್ಯೋ, ನನ್ನ ದಡ್ಡ ತಲೆಯೇ!

"ಮೇಷ್ಟ್ರೇ," ಎಂದೆ. "ಎಳೆಯೋರು ಸಿಕ್ಕಿದರು."

ಈಶ್ವರಯ್ಯ ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ಬಯ್ದರು. ಆಮೇಲೆ ಗಡುವು ನೆನೆದು ಒಪ್ಪಿದರು. ಸಂಜೆ ಇಬ್ಬರೂ ದೊಡ್ಡತಾಯಮ್ಮನ ಮನೆ ಮುಂದೆ ನಿಂತೆವು. ಅವಳು ರಾಗಿ ಬೀಸುತ್ತಿದ್ದಳು. ಬೀಸುವುದನ್ನು ನಿಲ್ಲಿಸದೆಯೇ ಎಲ್ಲ ಕೇಳಿದಳು.

"ಎಳೀತೀವಿ. ಅದೇನ್ ಮಹಾ," ಎಂದಳು. "ಆದ್ರೆ ನಮ್ಮನೇಗೆ ನೀರು?"

"ನಿಮ್ಮ ಕೆಲಸ ಕೆಡದ ಹಾಗೆ ನೋಡ್ಕೊತೀವಿ ದೊಡ್ಡತಾಯಕ್ಕ."

"ಅಂಗಲ್ಲ. ನಾವು ನಿಮ್ ಅಗ್ಗ ಎಳಿಯೋ ಒತ್ನಾಗೆ ನಿಮ್ ಗರಡಿ ಗಂಡಸ್ರು ನಮ್ ಬಿಂದಿಗೆ ಒರ್ಲಿ. ಎಂಟು ಮನೆ, ಮನೆಗೆ ಎಲ್ಡೆಲ್ಡು. ಒಪ್ಪಿಗೆ ಇದ್ರೆ ಬತ್ತೀವಿ, ಇಲ್ದಿದ್ರೆ ಓಗ್ಬನ್ನಿ."

ದೇವರಾಜನಿಗೆ ಈ ಷರತ್ತು ಹೇಳಿದಾಗ ಅವನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಆದರೆ ಅರಕಲಗೂಡಿನ ಸುಣ್ಣದ ಶೆಡ್ಡು ಅವನ ಕಣ್ಣಿಗೂ ಚುಚ್ಚುತ್ತಿತ್ತು. ಮರುದಿನ ಬೆಳಿಗ್ಗೆ ಎಂಟು ಪೈಲ್ವಾನರು ಬಾವಿಯಿಂದ ಬಿಂದಿಗೆ ಹೊತ್ತು ಬಂದರು. ಮೊದಲ ದಿನ ಆರು ಬಿಂದಿಗೆ ಉರುಳಿದವು, ಐದಕ್ಕೆ ನೆಗ್ಗು ಬಿತ್ತು. ನೆಗ್ಗು ತೆಗೆದವನು ನಾನೇ. ಊರಿನ ಜನ ನನ್ನನ್ನು ಆಡಿಕೊಳ್ಳುವುದು ಬಿಟ್ಟು ಅವರನ್ನು ನೋಡಲು ಬರತೊಡಗಿದರು.

ಹೆಂಗಸರು ಕಚ್ಚೆ ಹಾಕಿ ಬಂದರು. ಎಡಗಡೆ ನೀಲಗಂಗಮ್ಮ ಎಂಬವಳೂ ಇನ್ನು ಮೂವರೂ, ಬಲಗಡೆ ದೊಡ್ಡತಾಯಮ್ಮನೂ ಇನ್ನು ಮೂವರೂ. ಎಲ್ಲರ ತಲೆಯ ಮೇಲೂ ಬಿಂದಿಗೆಯ ಕೆಳಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆ.

"ಅದ್ಯಾಕಮ್ಮ?" ಎಂದರು ಈಶ್ವರಯ್ಯ.

"ತಲೆ ಬರಿದಾಗಿದ್ರೆ ಕತ್ತು ಆಡ್ತದೆ ಸಾ," ಎಂದಳು ದೊಡ್ಡತಾಯಮ್ಮ. "ಸಿಂಬೆ ಯಾರ್ದು ಬೀಳ್ತದೋ ಅವ್ಳು ಇವತ್ತು ಎಲ್ರ ಮನೇ ರಾಗಿ ಬೀಸ್ಬೇಕು. ಅಂಗಂತ ಮಾತಾಗೈತೆ."

"ನಡೀರಿ!" ಎಂದರು ಈಶ್ವರಯ್ಯ. ನಡೆದರು. "ಓಡ್ರಿ!" ಓಡಿದರು. ಎರಡು ಕಡೆಯೂ ಒಂದೇ ಹೆಜ್ಜೆ. ಪೈಲ್ವಾನರು ಎಳೆಯುವಾಗ ಎಡಗಡೆಯವರಿಗೂ ಬಲಗಡೆಯವರಿಗೂ ಪೈಪೋಟಿ ಬಿದ್ದು ಗ್ಲೈಡರಿನ ಮೂತಿ ಸೊಟ್ಟಗಾಗುತ್ತಿತ್ತು. ಈ ಹೆಂಗಸರದು ಹಾಗಲ್ಲ. ಸಾಲಿನಲ್ಲಿ ನಡೆದು ನಡೆದು ಬಂದ ಒಂದೇ ಲಯ. "ಬಿಡಿ!" ಬಾಲ ಬಿಟ್ಟರು. ಬೆನ್ನನ್ನು ಯಾರೋ ಒದ್ದ ಹಾಗಾಯಿತು. ಎಂಟು ಸಿಂಬೆಗಳು ನನ್ನ ಕಾಲ ಕೆಳಗೆ ಹಾದುಹೋದವು. ಒಂದೂ ಬಿದ್ದಿರಲಿಲ್ಲ. ಹದಿನೇಳು ಸೆಕೆಂಡು!

"ಸತ್ತೇ ಹೋಗ್ತಿದ್ದೆ ಕಣಯ್ಯ ನೀನು!" ಎಂದು ನಾನು ಇಳಿದ ಮೇಲೆ ಈಶ್ವರಯ್ಯ ಕೂಗಾಡಿದರು. "ಮೂತಿ ಯಾಕ್ ಎತ್ತಿದೆ? ವೇಗ ಸಿಕ್ತು ಅಂತ ಆಸೆ ಬಿದ್ಬುಟ್ಯಾ? ಮೂತಿ ಎತ್ತಿದ್ರೆ ಮೇಲೆ ಓಗಲ್ಲ, ಗಾಳಿ ಕೈಬಿಡ್ತದೆ. ತಂತಿ ಸದ್ದು ಕೇಳು. ಸದ್ದು ಇಳೀತು ಅಂದ್ರೆ ಕೋಲು ಮುಂದಕ್ಕೆ. ನೆಲ ಹತ್ರ ಕಂಡು ಭಯ ಆದ್ರೂ ಮುಂದಕ್ಕೇ!"

ನಾನು ತಿರುಗಿ ಕಿರುಚಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಎಳೆಯುವವರ ತಪ್ಪು ಮುಗಿದ ಮೇಲೆ ನನ್ನ ತಪ್ಪು ನೆಟ್ಟಗೆ ಕಾಣುತ್ತಿತ್ತು. ಮುಂದಿನ ಹತ್ತು ದಿನ ತಂತಿಗಳ ಸದ್ದನ್ನೇ ಕಿವಿಯಲ್ಲಿಟ್ಟುಕೊಂಡು ಮಲಗಿದೆ, ಎದ್ದೆ. ಇಪ್ಪತ್ತೊಂದು. ಇಪ್ಪತ್ತನಾಲ್ಕು. ಪರೀಕ್ಷೆಯ ಹಿಂದಿನ ದಿನ ಇಪ್ಪತ್ತೆಂಟು. ಮೂವತ್ತು ಮುಟ್ಟಿರಲಿಲ್ಲ.

ಪರೀಕ್ಷಕರು ಬೆಂಗಳೂರಿನಿಂದ ಬಂದರು, ಬಿಳಿ ಟೋಪಿ, ಕೈಯಲ್ಲಿ ಎರಡು ಸ್ಟಾಪ್‌ವಾಚು. ಬೋರೆಯ ಮೇಲೆ ಊರೇ ನೆರೆದಿತ್ತು. ನಾವು ಎಲ್ಲ ಮುಟ್ಟಿ ನೋಡಿ ಮುಗಿಸಿದಾಗ ಎಂಟೂವರೆ. ಸೀಟಿನಲ್ಲಿ ಕೂತು, ಗಾಳಿಯ ದಿಕ್ಕು ತಿಳಿಯಲು ಬಿದಿರಿಗೆ ಕಟ್ಟಿದ್ದ ಕೆಂಪು ಬಟ್ಟೆಯನ್ನು ನೋಡಿದೆ. ಗಾಳಿ ಪಶ್ಚಿಮದಿಂದ ಬರಬೇಕಿತ್ತು. ಅವತ್ತೇ, ಆ ಹಾಳಾದ ದಿನವೇ, ಉತ್ತರದಿಂದ ಅಡ್ಡಡ್ಡ ಬೀಸುತ್ತಿತ್ತು.

ಪರೀಕ್ಷಕರು ಕೈಗಡಿಯಾರ ನೋಡಿದರು. "ಹತ್ತು ಗಂಟೆ ಹಾಸನದ ಬಸ್ಸಿಗೆ ನಾನು ಹೋಗಲೇಬೇಕು. ಶುರು ಮಾಡಿ."

"ಗಾಳಿ ಅಡ್ಡ ಇದೆ ಸರ್."

"ಸ್ವಲ್ಪ ಇದೆ. ನಿಮ್ಮ ಇಷ್ಟ. ಇವತ್ತು ಆಗದಿದ್ದರೆ ನಾಳೆ ಗಾಡಿ ಅರಕಲಗೂಡಿಗೆ ಹೊರಡುತ್ತದೆ."

ಈಶ್ವರಯ್ಯ ನನ್ನ ಕಿವಿಯ ಹತ್ತಿರ ಬಂದರು. "ಹೋಗ್ಬಿಡಪ್ಪ ಧನ್ಯಕುಮಾರ. ಸ್ವಲ್ಪ ತಾನೇ. ಸಂಭಾಳಿಸ್ತೀಯ ನೀನು."

ಅಲ್ಲಾ, ನಾಲ್ಕು ತಿಂಗಳು ಗಾಳಿ ಅಡ್ಡ ಇದ್ದರೆ ಹಾರಬೇಡ ಎಂದು ನನಗೆ ಬಡಿದು ಬಡಿದು ಕಲಿಸಿದವರು ಇವರೇ! ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅವರ ಮೇಲಲ್ಲ. ಹೋಗಿಬಿಡಬೇಕೆಂದು ನನಗೂ ಅಷ್ಟೇ ಆಸೆಯಾಗಿತ್ತು, ಅದಕ್ಕೆ. ಹಗ್ಗದಿಂದ ಚಿಮ್ಮಿದ ಕೂಡಲೇ ಬಲಗಡೆಯ ಗಾಳಿ ರೆಕ್ಕೆಯ ಕೆಳಗೆ ಕೈಹಾಕಿ ಎತ್ತುತ್ತದೆ, ಎಡ ತುದಿ ನೆಲಕ್ಕೆ ತಾಗುತ್ತದೆ, ಆಮೇಲೆ ಗ್ಲೈಡರೂ ಇಲ್ಲ, ನಾನೂ ಇಲ್ಲ. ಓಡುತ್ತಿರುವ ಎಂಟು ಹೆಂಗಸರ ಮೇಲೆ ಬಿದ್ದರೆ ಅವರೂ ಇಲ್ಲ.

"ಇಲ್ಲ," ಎಂದೆ. ಎಲ್ಲರಿಗೂ ಕೇಳುವ ಹಾಗೆ ಎಂದೆ. "ಗಾಳಿ ತಿರುಗೋವರೆಗೆ ನಾನು ಹಾರಲ್ಲ. ಬಸ್ಸಿಗೆ ಹೊತ್ತಾದರೆ ನೀವು ಹೊರಡಿ ಸರ್. ಯಂತ್ರ ಅರಕಲಗೂಡಿಗೆ ಹೋಗೋದಾದರೆ ಮುರಿಯದೆ ಹೋಗಲಿ."

ಬೋರೆಯ ಮೇಲೆ ಗುಸುಗುಸು ಎದ್ದಿತು. "ಹೆದರ್ಕಂಡ ಕಣ್ಲಾ," ಎಂದು ಯಾರೋ ಅಂದರು. ಅಂದವನನ್ನು ಹುಡುಕಿ ಹೊಡೆಯಬೇಕೆನಿಸಿತು. ಆದರೆ ಸೀಟಿನಲ್ಲಿದ್ದೆ, ಏಳುವ ಹಾಗಿರಲಿಲ್ಲ.

ಆಗ ಮುಂದೆ ಹಗ್ಗ ಹಿಡಿದು ನಿಂತಿದ್ದ ದೊಡ್ಡತಾಯಮ್ಮ ಹಗ್ಗ ಕೆಳಗಿಟ್ಟು, ಅಲ್ಲೇ ನೆಲದ ಮೇಲೆ ಕೂತಳು. ಉಳಿದ ಏಳು ಮಂದಿಯೂ ಕೂತರು. ಎಲೆಯಡಿಕೆ ಚೀಲ ಹೊರಬಂತು.

"ಗಾಳಿ ಬಂದಾಗ ತೂರ್ಕೋ ಅಂತಾರೆ ಸಾ," ಎಂದಳು ಪರೀಕ್ಷಕರಿಗೆ. "ಕಣದಾಗೆ ರಾಗಿ ತೂರಾಕ್ ನಿಂತೋರು ಗಾಳಿ ಬಂದಿಲ್ಲ ಅಂತ ಎದ್ದೋಯ್ತಾರಾ? ಕುಂತ್ಕಳಿ. ಎಲೆ ಹಾಕ್ತೀರಾ?"

ಪರೀಕ್ಷಕರು ಟೋಪಿ ತೆಗೆದು ಕಲ್ಲಿನ ಮೇಲೆ ಕೂತರು. ಎಲೆ ತೆಗೆದುಕೊಂಡರು.

ಒಂಬತ್ತಾಯಿತು. ಒಂಬತ್ತೂಕಾಲಾಯಿತು. ನಾನು ಸೀಟಿನಲ್ಲಿ ಬೆವರುತ್ತಾ ಕೂತಿದ್ದೆ. ಒಂಬತ್ತೂವರೆಗೆ ಕೆಂಪು ಬಟ್ಟೆ ಸತ್ತ ಹಾಗೆ ಜೋತುಬಿತ್ತು. ನಿಧಾನಕ್ಕೆ ಒಂದು ಮೂಲೆ ಎದ್ದಿತು, ಪಟಪಟ ಎಂದಿತು, ನೆಟ್ಟಗೆ ನನ್ನ ಕಡೆಗೆ ಚಾಚಿಕೊಂಡಿತು. ಕೆರೆಯಂಗಳದ ಬಿಸಿ ಗಾಳಿ ನನ್ನ ಮುಖಕ್ಕೆ ಬಡಿಯಿತು.

"ಏಳ್ರವ್ವಾ!" ಎಂದಳು ದೊಡ್ಡತಾಯಮ್ಮ.

ನಡೀರಿ. ಓಡ್ರಿ. ಬಿಡಿ!

ಎದ್ದೆ. ಸಿಂಬೆಗಳು ಹಿಂದಾದವು, ಬಳೆ ಟಣ್ ಎಂದು ಕಳಚಿತು, ತಂತಿಗಳು ಹಾಡತೊಡಗಿದವು. ಇಳಿಜಾರು ನನ್ನ ಕಾಲಡಿ ಜಾರಿಹೋಗುತ್ತಿತ್ತು. ಒಂದು, ಎರಡು ಎಂದು ಎಣಿಸುತ್ತಿದ್ದವನು ಹದಿಮೂರಕ್ಕೆ ಲೆಕ್ಕ ಮರೆತೆ. ಕೆರೆಯ ಏರಿ ಕಂಡಿತು, ನೆಲ ಹತ್ತಿರವಾಯಿತು. ಅಯ್ಯೋ ಸಾಲದು, ಇನ್ನಷ್ಟು ಹೊತ್ತು ಬೇಕು ಎಂದು ಕೈ ತಾನಾಗಿ ಕೋಲನ್ನು ಹಿಂದಕ್ಕೆ ಎಳೆಯಿತು. ತಂತಿಯ ಸದ್ದು ಇಳಿಯಿತು.

ಸದ್ದು ಇಳಿಯಿತು ಕಣೋ, ಎಂದುಕೊಂಡೆ. ಆಸೆಬುರುಕ, ಮುಂದಕ್ಕೆ!

ನೆಲದ ಕಡೆಗೇ ಮೂತಿ ಒತ್ತಿದೆ. ತಂತಿ ಮತ್ತೆ ಹಾಡಿತು, ರೆಕ್ಕೆ ಮತ್ತೆ ನನ್ನನ್ನು ಹಿಡಿದುಕೊಂಡಿತು. ಆಮೇಲೆ ಕೆರೆಯಂಗಳದ ಬಿರುಕುಬಿಟ್ಟ ಮಣ್ಣಿನ ಮೇಲೆ ಮೊಣಕಾಲೆತ್ತರದಲ್ಲಿ ಎಷ್ಟು ಹೊತ್ತು ತೇಲಿದೆನೋ ಗೊತ್ತಿಲ್ಲ. ಕೊನೆಗೆ ಜಾರುಹಲಗೆ ಸರ್ ಎಂದು ಮಣ್ಣು ಸವರಿ ನಿಂತಿತು. ಏನೂ ಮುರಿದಿರಲಿಲ್ಲ.

ಎದ್ದು ಕುಣಿಯೋಣವೆಂದರೆ ಏಳುವಂತಿಲ್ಲ. ರೆಕ್ಕೆ ಹಿಡಿಯಲು ಯಾರಾದರೂ ಬರುವವರೆಗೆ ಸೀಟು ಬಿಡಬಾರದು. ನನ್ನ ಭಾರ ಇಳಿದರೆ ಒಂದು ಬೀಸು ಗಾಳಿ ಸಾಕು, ಗ್ಲೈಡರ್ ಮಗುಚಿಕೊಳ್ಳುತ್ತದೆ. ಖಾಲಿ ಕೆರೆಯ ನಡುವೆ ಒಬ್ಬನೇ ಕೂತೆ. ಮೂವತ್ತಾಯಿತೋ ಇಲ್ಲವೋ ತಿಳಿಯದು. ಆ ಎರಡು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ಬಂದು ಮುಟ್ಟಿದವಳು ದೊಡ್ಡತಾಯಮ್ಮ. ಏದುಸಿರು ಬಿಡುತ್ತಾ ರೆಕ್ಕೆಯ ತುದಿ ಹಿಡಿದಳು.

"ಎಷ್ಟಾಯ್ತು ದೊಡ್ಡತಾಯಕ್ಕ? ಹೇಳಿದರಾ?"

"ನಂಗೇನ್ ಗೊತ್ತು? ನಾನು ನಿಮ್ಮನ್ನೇ ನೋಡ್ತಾ ಓಡ್ಬಂದೆ." ಅವಳ ಕಣ್ಣು ಒದ್ದೆಯಾಗಿತ್ತು. "ತಿರುಗಿ ನೋಡಿದ್ ಗರಡಿಯೋರ್ಗೆ ಅದು ನೆಲದ್ ಮ್ಯಾಲೇ ಕಂಡಿತ್ತು. ನಮ್ಗೆ ನೋಡಿ, ತಲೆ ಮ್ಯಾಲೆ ಕಾಣ್ತು! ನಿಮ್ ಕಾಲು, ನಿಮ್ ಕಚ್ಚೆ, ಎಲ್ಲಾ!"

ಏರಿಯ ಮೇಲಿಂದ ಈಶ್ವರಯ್ಯ ಓಡಿ ಬರುತ್ತಿದ್ದರು, ಹೊಟ್ಟೆ ಕುಲುಕಿಸಿಕೊಂಡು. ಬಂದು ನಿಂತರು. ಇಷ್ಟು ದಿನ ಕಿರುಚಿದ ಆ ಗಂಟಲು ಅವತ್ತು ಕೈಕೊಟ್ಟಿತ್ತು. ಬಲಗೈಯಲ್ಲಿ ಮೂರು ಬೆರಳು ತೋರಿಸಿದರು. ಆಮೇಲೆ ಎರಡೂ ಕೈಯೆತ್ತಿ ಏಳು.

ಮೂವತ್ತೇಳು!

ನಾನು ಅತ್ತೆ. ನಾಚಿಕೆಯಿಲ್ಲದೆ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಹಿಂದೆಯೇ ಗರಡಿಯವರು ಬಂದರು, ಊರು ಬಂತು, ಶಿಳ್ಳೆ ಎದ್ದಿತು. ಪರೀಕ್ಷಕರು ನಿಧಾನವಾಗಿ ನಡೆದು ಬಂದು ಕಾಗದಕ್ಕೆ ರುಜು ಹಾಕಿದರು. "ಮೂವತ್ತೇಳಕ್ಕಲ್ಲ ನಾನು ರುಜು ಹಾಕಿದ್ದು," ಎಂದರು. "ಎಂಟೂವರೆಗೆ ನೀವು ಇಲ್ಲ ಅಂದಿರಲ್ಲ, ಅದಕ್ಕೆ. ಯಂತ್ರ ಇಲ್ಲೇ ಇರಲಿ." ಹಾಸನದ ಬಸ್ಸು ದಾರಿಯಲ್ಲಿ ಹಾರನ್ ಮಾಡಿಕೊಂಡು ಹೋಯಿತು. ಅವರು ಅದರ ಕಡೆ ನೋಡಲೇ ಇಲ್ಲ.

"ಅರಕಲಗೂಡಿನೋರು ಸುಣ್ಣ ಬಳ್ದವ್ರಲ್ಲಾ, ಪಾಪ," ಎಂದ ದೇವರಾಜು. "ಎಮ್ಮೆ ಕಟ್ಕಳ್ಳಿ ಬಿಡಿ."

ಎಲ್ಲರೂ ಸೇರಿ ಗ್ಲೈಡರನ್ನು ಬೋರೆಯ ಮೇಲಕ್ಕೆ ಹೊತ್ತು ತಂದರು. ಶೆಡ್ಡಿನ ಕಡೆ ತಿರುಗಿಸಲು ಹೋದಾಗ ದೊಡ್ಡತಾಯಮ್ಮ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು.

"ಎಲ್ಲಿಗ್ ಒಯ್ತೀರಾ? ಗಾಳಿ ಇನ್ನೂ ಐತೆ."

"ಪರೀಕ್ಷೆ ಮುಗೀತಲ್ಲಮ್ಮ," ಎಂದರು ಈಶ್ವರಯ್ಯ, ದನಿ ಮರಳಿ ಬಂದು.

"ಪರೀಕ್ಷೆ ಅವರ್ದು ಮುಗೀತು. ಗಾಡಿ ಈಗ ನಮ್ದಲ್ವಾ?"

ಈಶ್ವರಯ್ಯ ನನ್ನನ್ನು ನೋಡಿದರು. ನಾನು ಕೆಂಪು ಬಟ್ಟೆಯನ್ನು ನೋಡಿದೆ. ತಂತಿಗಳನ್ನೂ ಬೋಲ್ಟುಗಳನ್ನೂ ಮತ್ತೆ ಮೊದಲಿನಿಂದ ಒಂದೊಂದಾಗಿ ಮುಟ್ಟಿದೆ, ಸೀಟಿನಲ್ಲಿ ಕೂತೆ. ಎಂಟು ಮಂದಿ ಹಗ್ಗ ಹಿಡಿದರು. ಪರೀಕ್ಷಕರು ಎರಡೂ ಗಡಿಯಾರಗಳನ್ನು ಜೇಬಿಗೆ ಹಾಕಿಕೊಂಡು, ಒಬ್ಬ ಹುಡುಗನ ಹಾಗೆ ಬಾಲ ಹಿಡಿಯಲು ಹೋದರು. ಆ ಸಲ ನಾನು ಎಷ್ಟು ಸೆಕೆಂಡು ಹಾರಿದೆನೋ, ಯಾರೂ ಎಣಿಸಲಿಲ್ಲ.